ಕೊಳಲಿನವರ ತಪ್ಪೇನೂ ಇರಲಿಲ್ಲ

ಅಕ್ಕನ ಮಗಳ ರಂಗಪ್ರವೇಶಕ್ಕೆ ಬಂದಿದ್ದವರಲ್ಲಿ ಅರ್ಧ ಜನ ಈಗಲೂ ಸಿಕ್ಕಾಗ ಅನ್ನುತ್ತಾರೆ: "ಹುಡುಗಿ ಚೆನ್ನಾಗಿ ಮಾಡಿದಳು, ಕೊಳಲೊಂದು ಶ್ರುತಿ ಸೇರಲಿಲ್ಲ ನೋಡಿ." ಕೊಳಲು ತನ್ನ ಶ್ರುತಿಯಲ್ಲೇ ಇತ್ತು. ಸೇರದೇ ಹೋದದ್ದು ರೆಕಾರ್ಡಿಂಗು, ಅದಕ್ಕೆ ಕಾರಣ ನಮ್ಮ ಭಾವ. ಮದುವೆಮನೆಗಳಲ್ಲಿ ನಿಂತು ಒಬ್ಬೊಬ್ಬರಿಗೇ ವಿವರಿಸಿ ಸಾಕಾಗಿ ಬರೆಯಲು ಕೂತಿದ್ದೇನೆ.

ನನ್ನ ಕಸುಬು ಧ್ವನಿಮುದ್ರಣ. ಹಾಡಿದವರು ಆ ಹೊತ್ತಿಗೆ ಅಮೆರಿಕಕ್ಕೆ ಹೋಗಿಬಿಟ್ಟಿದ್ದರಿಂದ ಹಾಡು, ನಟ್ಟುವಾಂಗ, ತಂಬೂರಿ ಮೂರನ್ನೂ ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡಿದ್ದೆವು. ವೇದಿಕೆಯ ಮೇಲೆ ಕೂರುವವರು ಮೃದಂಗದವರು, ಕೊಳಲಿನವರು ಇಬ್ಬರೇ. ಐದು ಮನೆ ಶ್ರುತಿ. ಎಲ್ಲ ಸರಿಯಾಗಿತ್ತು, ಭಾವನಿಗೆ 432ರ ಹುಚ್ಚು ಹತ್ತುವವರೆಗೆ.

ಪಿಯಾನೊದ ನಡುವಿನ 'ಎ' ಸ್ವರ ಸೆಕೆಂಡಿಗೆ 440 ಸಲ ಕಂಪಿಸಬೇಕೆಂಬುದು ಈಗಿನ ಅಳತೆ. ಅದನ್ನು 432ಕ್ಕೆ ಇಳಿಸಿದರೆ ಮನಸ್ಸಿಗೆ ಶಾಂತಿ, 440 ಅನ್ನೋದು ಹಿಟ್ಲರನ ಕಡೆಯವರ ಪಿತೂರಿ ಅಂತ ಭಾವನಿಗೆ ವಾಕಿಂಗಿನ ಗೆಳೆಯರೊಬ್ಬರು ಹೇಳಿದ್ದರಂತೆ. ಹಿಟ್ಲರ್ ಹುಟ್ಟುವ ಎಷ್ಟೋ ಮೊದಲು, 1834ರಲ್ಲೇ, ಷೈಬ್ಲರ್ ಅನ್ನುವವನು ಸ್ಟುಟ್‌ಗಾರ್ಟಿನಲ್ಲಿ 440ನ್ನು ಶಿಫಾರಸು ಮಾಡಿದ್ದ ಅಂದೆ. 1939ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ ಒಪ್ಪಿದರು, 1955ರಲ್ಲಿ ಐಎಸ್‌ಒ ಮುದ್ರೆ ಬಿತ್ತು. ಅದಕ್ಕೂ ಹಿಂದೆ ಊರಿಗೊಂದು ಶ್ರುತಿ. ಹ್ಯಾಂಡೆಲನದು ಎನ್ನಲಾದ ಶ್ರುತಿಕವೆ 422.5ಕ್ಕೆ ನುಡಿಯುತ್ತದೆ, 1859ರಲ್ಲಿ ಫ್ರಾನ್ಸ್ 435 ಅಂತ ಕಾನೂನನ್ನೇ ಮಾಡಿತು. 1884ರಲ್ಲಿ ವೆರ್ಡಿ 432ರ ಪರ ನಿಂತದ್ದು ನಿಜ. ಆದರೆ ಆತನ ಚಿಂತೆ ಹಾಡುಗಾರರ ಗಂಟಲಿನದು, ಬ್ರಹ್ಮಾಂಡದ್ದಲ್ಲ.

"ಅಲ್ಲಮ್ಮ, 432 ಇಟ್ಟರೆ 'ಸಿ' ಸ್ವರ ಸರಿಯಾಗಿ 256 ಬರುತ್ತೆ, ಎರಡರ ಎಂಟನೇ ಘಾತ" ಅಂದರು. ಬರುತ್ತದೆ, 27ಕ್ಕೆ 16ರ ಅನುಪಾತದಲ್ಲಿ 'ಎ' ಇಟ್ಟರೆ. ಕೀಬೋರ್ಡಿನ ಸಮಪಾಲು ಸ್ವರಗಳಲ್ಲಿ ಬರುವುದು 256.87. ಸೆಕೆಂಡು ಅನ್ನುವುದೇ ಮನುಷ್ಯ ಗೊತ್ತುಮಾಡಿಕೊಂಡ ಅಳತೆಯಾದಾಗ ಅದರಲ್ಲಿ ಪ್ರಕೃತಿಯ ಸಂಖ್ಯೆ ಎಲ್ಲಿಂದ ಬಂತು ಭಾವ, ಅಂತ ಕೇಳಿದ್ದಕ್ಕೆ ಕಾಫಿ ಲೋಟ ಕೆಳಗಿಟ್ಟು ಎದ್ದುಹೋದರು. ಕಡೆಗೆ ಅಕ್ಕ, "ಒಂದು ಮಾಡಿಕೊಟ್ಟುಬಿಡೇ, ಮನೇಲಿ ಕೇಳಿಕೊಳ್ಳಲಿ" ಅಂದಳು. ಮಾಡಿಕೊಟ್ಟೆ. ಮನೇಲಿ ಕೇಳಿಕೊಳ್ಳಲಿಕ್ಕೆ.

ಮಾಡುವ ದಾರಿ ಎರಡು. ಕಾಲಪ್ರಮಾಣ ಹಾಗೇ ಇಟ್ಟು ಶ್ರುತಿ ಮಾತ್ರ ಇಳಿಸಬಹುದು. ಆಗ ತಾಳದ ಚೂಪಾದ ಪೆಟ್ಟು ಮೊಂಡಾಗುತ್ತದೆ, ಎಷ್ಟೋ ಸಲ ಎರಡೆರಡಾಗಿ ಕೇಳುತ್ತದೆ. ಇಲ್ಲವೇ ಹಳೇ ಟೇಪಿನಂತೆ ಇಡೀ ಧ್ವನಿಯನ್ನೇ ನಿಧಾನ ಮಾಡಬೇಕು. ನಾದ ಶುದ್ಧವಾಗಿ ಉಳಿಯುತ್ತದೆ, ಆದರೆ ಅರ್ಧ ಗಂಟೆಯ ವರ್ಣ 33 ಸೆಕೆಂಡು ಹಿಗ್ಗುತ್ತದೆ. ನಾನು ಮಾಡಿದ್ದು ಎರಡನೆಯದನ್ನು.

ಕಾರ್ಯಕ್ರಮದ ಮಧ್ಯಾಹ್ನ ನನ್ನ ಲ್ಯಾಪ್‌ಟಾಪಿನ ಮೂಲ ಫೈಲಿನಿಂದಲೇ ಮೈಕ್ ಪರೀಕ್ಷೆ ಆಯಿತು. ಕೊಳಲು ತಂಬೂರಿಯೊಳಗೆ ಕರಗಿಹೋಗುತ್ತಿತ್ತು. ಆಮೇಲೆ ನಾನು ಹುಡುಗಿಯ ಜಡೆ ಕಟ್ಟಲು ಒಳಗೆ ಹೋದೆ. ಆ ಸಂದಿನಲ್ಲಿ ಭಾವ ಸೌಂಡಿನವರ ಕೈಗೆ ತಮ್ಮ ಪೆನ್‌ಡ್ರೈವ್ ಕೊಟ್ಟು, "ಇದು ಹೊಸದು, ಇದನ್ನೇ ಹಾಕಿ" ಅಂದಿದ್ದಾರೆ. ಹುಡುಗಿಯ ಅಪ್ಪನೇ ಹೇಳಿದ ಮೇಲೆ ಆತ ಯಾಕೆ ಕೇಳುತ್ತಾನೆ?

ಅಲರಿಪು ನಡೆಯಿತು. ಅದರಲ್ಲಿ ಬರೀ ಸೊಲ್ಲುಕಟ್ಟು, ಕೊಳಲಿಗೆ ಕೆಲಸವಿಲ್ಲ. ಮೃದಂಗದವರಿಗೆ ಮಾತ್ರ ಏನೋ ಹೊಳೆದಿರಬೇಕು, ಕಲ್ಲು ತೆಗೆದುಕೊಂಡು ಬಲಗಡೆಯನ್ನು ಕೆಳಗಿನಿಂದ ತಟ್ಟಿ ತಟ್ಟಿ ಇಳಿಸುತ್ತಿದ್ದುದು ಪರದೆಯ ಮರೆಯಲ್ಲಿದ್ದ ನನಗೆ ಕೇಳಿಸಿತು. ಜತಿಸ್ವರ ಶುರುವಾಯಿತು. ಕೊಳಲಿನವರು ಷಡ್ಜ ಹಿಡಿದರು.

ಐದು ಮನೆ ಅಂದರೆ 392. ಸ್ಪೀಕರಿನಿಂದ ಬರುತ್ತಿದ್ದದ್ದು 385. ಎರಡೂ ಕೂಡಿದಾಗ ಸೆಕೆಂಡಿಗೆ ಏಳು ಅಲೆ, ತಗಡಿನ ಶೀಟು ಗಾಳಿಗೆ ನಡುಗಿದ ಹಾಗೆ. ಕೊಳಲಿನವರು ತುಟಿಯನ್ನು ಒಳಕ್ಕೆ ಹೊರಳಿಸಿದರು. ಷಡ್ಜ ಸ್ವಲ್ಪ ಇಳಿಯಿತು, ತಾರಸ್ಥಾಯಿ ಕೈಗೆ ಸಿಗಲಿಲ್ಲ. ಬಿದಿರಿಗೆ ಬಿರಡೆಯಿಲ್ಲ. ಊದಿದಷ್ಟೂ ಒಳಗಿನ ಗಾಳಿ ಬಿಸಿಯಾಗಿ ಅದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಅವರು ಚೀಲದಿಂದ ನಾಲ್ಕೂವರೆ ಮನೆಯ ಕೊಳಲು ತೆಗೆದು ಒಂದೇ ಸ್ವರ ಮೆಲ್ಲಗೆ ಊದಿ ನೋಡಿದರು. ಅದು 370, ಇನ್ನೂ ದೂರ. ಎರಡು ಕೊಳಲಿನ ನಡುವಿನ ಯಾವುದೋ ಊರಲ್ಲದ ಊರಿನಲ್ಲಿ ನಮ್ಮ ರೆಕಾರ್ಡಿಂಗ್ ಹೋಗುತ್ತಿತ್ತು. ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಅಂದು ನಕ್ಕರು. ಕೊಳಲಿನವರು ಅದನ್ನು ನೋಡಿದರು. ಕೊಳಲನ್ನು ತೊಡೆಯ ಮೇಲಿಟ್ಟು, ಜತಿಸ್ವರ ಮುಗಿಯುವ ತನಕ ಕೈಯಲ್ಲಿ ತಾಳ ಹಾಕುತ್ತ ಕೂತರು. ಮೂವತ್ತು ವರ್ಷಕ್ಕೂ ಮೇಲೆ ಕಛೇರಿ ಮಾಡಿದ ಮನುಷ್ಯ.

ನಾನು ಸೌಂಡಿನವರ ಹತ್ತಿರ ಓಡಿದೆ. ಭಾವ ಅಲ್ಲೇ ನಿಂತಿದ್ದರು. "ಬಿಡಮ್ಮ, ಐದು ನಿಮಿಷದಲ್ಲಿ ಕಿವಿ ಒಗ್ಗುತ್ತೆ." ಪೆನ್‌ಡ್ರೈವ್ ಕಿತ್ತು ಮುಂದಿನ ನೃತ್ಯವಾದ 'ಶಬ್ದ'ವನ್ನು ಮೂಲ ಫೈಲಿನಿಂದ ಹಾಕಿಸಿದೆ. ಈಗ ಕೊಳಲು ಸರಿಹೋಯಿತು, ಇಳಿಸಿಟ್ಟ ಮೃದಂಗ ಕೆಟ್ಟಿತು! ಪಾಪ, ಅವರು ಒಂದು ಕೈಯಲ್ಲಿ ನುಡಿಸುತ್ತ ಇನ್ನೊಂದರಲ್ಲಿ ಕಲ್ಲು ಹಿಡಿದು ಮೇಲಕ್ಕೆ ತಂದರು. ವರ್ಣದ ಹೊತ್ತಿಗೆ ಎಲ್ಲ ನೆಟ್ಟಗಾಯಿತು. ಆದರೆ ಜನ ನೆನಪಿಟ್ಟುಕೊಂಡದ್ದು ಜತಿಸ್ವರವನ್ನು.

ಶ್ರುತಿ ಬದಲಿಸುವುದೇ ಪಾಪ ಅಂತ ನಾನು ಹೇಳುತ್ತಿಲ್ಲ. ಹಳೇ ಟೇಪು, ಗ್ರಾಮಫೋನ್ ತಟ್ಟೆಗಳು ತಪ್ಪು ವೇಗದಲ್ಲಿ ಓಡಿ ಗಾಯಕರನ್ನು ಅವರದಲ್ಲದ ಶ್ರುತಿಗೆ ಏರಿಸಿರುತ್ತವೆ. ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು ಟೇಪಿನಲ್ಲಿ ಉಳಿದಿದ್ದರೆ ಅದನ್ನೇ ಹಿಡಿದು ಸರಿವೇಗಕ್ಕೆ ತರುವುದು ನನಗೆ ತುಂಬ ಇಷ್ಟದ ಕೆಲಸ. ನಮ್ಮ ಸಂಗೀತದಲ್ಲಿ ಷಡ್ಜ ಹಾಡುವವರ ಗಂಟಲಿಗೆ ಬಿಟ್ಟದ್ದು, ಯಾವ ಸಂಖ್ಯೆಯ ಹಂಗೂ ಅದಕ್ಕಿಲ್ಲ. ವೀಣೆಗೆ ಬಿರಡೆಯಿದೆ, ಎಲೆಕ್ಟ್ರಾನಿಕ್ ತಂಬೂರಿಗೆ ತಿರುಪಿದೆ. ಕೊಳಲಿಗೆ, ಹಾರ್ಮೋನಿಯಂಗೆ ಅದಿಲ್ಲ. ಅವು ಪಕ್ಕದಲ್ಲಿದ್ದರೆ ರೆಕಾರ್ಡಿಂಗನ್ನು ಮುಟ್ಟಬೇಡಿ. ಬದಲಿಸಿದ ಫೈಲಿನ ಹೆಸರಿನಲ್ಲೇ ಶ್ರುತಿ ಬರೆದಿಡಿ. ಪರದೆ ಏಳುವ ಮುಂಚೆ, ಯಾವ ಫೈಲು ಓಡುತ್ತದೋ ಅದನ್ನೇ ಒಂದು ನಿಮಿಷ ಹಾಕಿಸಿ ಕೊಳಲಿನವರಿಂದ ಷಡ್ಜ ಊದಿಸಿ. ಮನೆಯ ಗಂಡಸರನ್ನು ಸೌಂಡಿನ ಮೇಜಿನಿಂದ ದೂರ ಕೂರಿಸಿ.

ಸಂಭಾವನೆಯ ಲಕೋಟೆ ಕೊಡುವಾಗ ನಡೆದದ್ದನ್ನು ಕೊಳಲಿನವರಿಗೆ ಹೇಳಿದೆ. "ನನಗೆ ಆಗಲೇ ಗೊತ್ತಾಯಿತಮ್ಮ, ಅವರಿಗೆ ಹೇಳಿ" ಅಂತ ಖಾಲಿಯಾಗುತ್ತಿದ್ದ ಕುರ್ಚಿಗಳ ಕಡೆ ಕೈ ತೋರಿಸಿದರು. ಭಾವ ಮಾತ್ರ ಅವರ ಹತ್ತಿರ ಈವರೆಗೆ ಒಂದು ಮಾತು ಆಡಿಲ್ಲ. ಮೊನ್ನೆ ಫೋನ್ ಮಾಡಿ 528 ಅಂತ ಇನ್ನೊಂದು ಇದೆಯಂತಲ್ಲ ಅಂದರು. ಅಕ್ಕನಿಗೆ ಫೋನ್ ಕೊಡಿ ಅಂದೆ.