ಊರಿಗೆ ಬರುವ ಹಣ ನಿಂತಾಗ



ರೋಗಕ್ಕೆ ಬಡವ-ಬಲ್ಲಿದ ಎಂಬ ಭೇದವಿಲ್ಲ ಎನ್ನುತ್ತೇವೆ. ಆದರೆ ರೋಗಕಾಲದ ಹೊರೆ ಎಲ್ಲರ ಹೆಗಲಿಗೂ ಒಂದೇ ಸಮನಾಗಿ ಬೀಳುವುದಿಲ್ಲ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಕಟವಾದ ಲಾಕ್‌ಡೌನ್ ನಾಲ್ಕೇ ಗಂಟೆಗಳಲ್ಲಿ ಜಾರಿಗೆ ಬಂತು. ತಿಂಗಳ ಸಂಬಳವುಳ್ಳವರು ಮನೆಯಲ್ಲಿ ಕುಳಿತರು. ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುತ್ತಿದ್ದ ಬಿಹಾರ, ಒಡಿಶಾದವರಿಗೂ ನಮ್ಮ ರಾಯಚೂರು, ಯಾದಗಿರಿಯವರಿಗೂ ಅಂದಿನ ಕೂಲಿಯೇ ನಿಂತುಹೋಯಿತು.

ಒಬ್ಬ ಗಾರೆ ಕೆಲಸದವನ ಲೆಕ್ಕವನ್ನು ನೋಡಿ. ಕೂಲಿಯಲ್ಲಿ ಒಂದು ಪಾಲು ಶೆಡ್ಡಿನ ಬಾಡಿಗೆಗೆ ಮತ್ತು ಊಟಕ್ಕೆ, ಉಳಿದದ್ದು ಊರಿಗೆ. ಅಲ್ಲಿ ತಾಯಿಯ ಔಷಧಿ, ಮಕ್ಕಳ ಶಾಲೆ, ಸಾಲದ ಬಡ್ಡಿ ಎಲ್ಲವೂ ಆ ಹಣದಿಂದಲೇ. ಕೆಲಸ ನಿಂತರೆ ಎರಡು ಮನೆಗಳ ಒಲೆ ಆರುತ್ತದೆ. ಪಡಿತರ ಚೀಟಿ ಊರಿನ ವಿಳಾಸದ್ದಾದ್ದರಿಂದ ನಗರದಲ್ಲಿ ಅನೇಕರಿಗೆ ಅಕ್ಕಿಯೂ ಸಿಗಲಿಲ್ಲ.

ಆಗ ಅವರು ನಡೆದರು. ಮೇ 8ರಂದು ಆಗಿನ ಔರಂಗಾಬಾದ್ ಬಳಿ ಹಳಿಯ ಮೇಲೆ ಮಲಗಿದ್ದ 16 ಮಂದಿ ಗೂಡ್ಸ್ ರೈಲಿಗೆ ಸಿಕ್ಕಿ ಸತ್ತರು. ಕಟ್ಟಿಕೊಂಡಿದ್ದ ರೊಟ್ಟಿಗಳು ಹಳಿಯ ಮೇಲೆ ಚೆಲ್ಲಿದ್ದವು. ಅದೇ ವಾರ ನಮ್ಮ ರಾಜ್ಯ ಸರ್ಕಾರ ಕಾರ್ಮಿಕರ ವಿಶೇಷ ರೈಲುಗಳನ್ನು ರದ್ದು ಮಾಡಿಸಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂತು. ಗಲ್ಫಿನ ಹಣದಿಂದ ನಡೆಯುವ ಕರಾವಳಿಯ ಮನೆಗಳಿಗೂ ಈ ಸಂಕಟ ಹೊಸದಲ್ಲ.

ಇದು ಕೇವಲ ವಿಧಿಯ ಆಟವಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ 1979ರಲ್ಲೇ ಬಂದಿತ್ತು. ಆದರೆ ಅದು ಗುತ್ತಿಗೆದಾರನ ಮೂಲಕ ಬಂದವರಿಗೆ ಮಾತ್ರ. ತಾವಾಗಿಯೇ ಬಂದವರು ಅದರ ಹೊರಗೆ ಉಳಿದರು. ದೇಶದ ಎಲ್ಲೆಡೆ ಪಡಿತರ ಸಿಗುವ ಏರ್ಪಾಡನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2021ರ ಜೂನ್ 29ರಂದು.

ಬಡ ಕೂಲಿಯವನು ಸ್ವದೇಶದವನಾಗಿರಲಿ, ಪರದೇಶಿಯಾಗಿರಲಿ, ಅವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ವಿಧಿಸುತ್ತದೆ. ಅವನ ಜೀವ ಆ ಕೂಲಿಯನ್ನೇ ನಂಬಿದೆ ಎಂಬುದು ಅಲ್ಲಿ ಹೇಳಿರುವ ಕಾರಣ. ಇಲ್ಲಿ ಕೇಳಿರುವುದು ದಾನವಲ್ಲ, ನ್ಯಾಯ.

ಮನೆಯಲ್ಲಿ ಕೂಡಿ ಆಲೋಚಿಸಿರಿ:

1. ನಮ್ಮ ಮನೆ ಕಟ್ಟಿದವರ, ಮನೆಗೆಲಸದವರ ಊರು ಯಾವುದು? ಅವರನ್ನು ನಂಬಿಕೊಂಡವರು ಎಷ್ಟು ಮಂದಿ?

2. ಕೆಲಸ ನಿಂತ ದಿನಗಳಲ್ಲಿ ನಾವು ಅವರಿಗೆ ಕೂಲಿ ಕೊಟ್ಟೆವೇ? ಶೆಡ್ಡಿನ ಬಾಡಿಗೆ ಬಿಟ್ಟೆವೇ?

3. ನಮ್ಮ ಧರ್ಮಕೇಂದ್ರದ ಎಲ್ಲೆಯೊಳಗೆ ಇರುವ ವಲಸೆ ಕುಟುಂಬಗಳ ಪಟ್ಟಿ ನಮ್ಮಲ್ಲಿದೆಯೇ? ಇಲ್ಲದಿದ್ದರೆ ಈ ಭಾನುವಾರವೇ ಆರಂಭಿಸೋಣ. ಕಷ್ಟ ಬಂದ ದಿನ ಹುಡುಕಲು ಹೊರಟರೆ ತಡವಾಗುತ್ತದೆ.