ಹಂಪಿಯ ಕಲ್ಲಿನ ಪೇಟೆ

ಹಂಪಿ ಜಾತ್ರೆಗೆ ಹೋಗಿದ್ದೀರಾ? ವಿರೂಪಾಕ್ಷ ಗುಡಿಯ ಮುಂದೆ ಅಗಲವಾದ ಬೀದಿ ಇದೆ. ಎರಡೂ ಕಡೆ ಕಲ್ಲಿನ ಮಂಟಪಗಳ ಸಾಲು. ಕೆಲವಕ್ಕೆ ಎರಡು ಅಂತಸ್ತು. ಇದು ವಿಜಯನಗರದ ಅರಸರ ಕಾಲದ ಪೇಟೆ.

1565ರ ಯುದ್ಧದಲ್ಲಿ ಅರಸರು ಸೋತರು. ಪಟ್ಟಣ ಹಾಳಾಯಿತು. ಕಲ್ಲುಕಂಬಗಳು ಉಳಿದವು.

ಎಷ್ಟೋ ವರ್ಷಗಳ ಮೇಲೆ ಜನ ಮಂಟಪಗಳಲ್ಲಿ ನೆಲೆಸಿದರು. ಕಂಬಗಳ ನಡುವೆ ಗೋಡೆ ಕಟ್ಟಿದರು. ಚಹಾ, ಹೂವು, ಕಾಯಿ ಮಾರಿದರು. ಪೇಟೆ ಮತ್ತೆ ಪೇಟೆಯಾಯಿತು.

1986ರಲ್ಲಿ ಹಂಪಿ ವಿಶ್ವ ಪರಂಪರೆಯ ತಾಣವಾಯಿತು. ಮಂಟಪ ಉಳಿಯಬೇಕು, ಗೋಡೆ ತೆಗೆಯಿರಿ ಅಂದರು ಅಧಿಕಾರಿಗಳು. ನಮ್ಮ ಹೊಟ್ಟೆಪಾಡು ಹೇಗೆ ಅಂದರು ಅಂಗಡಿಯವರು. ಇಬ್ಬರ ಮಾತೂ ಸುಳ್ಳಲ್ಲ. 2011ರ ಜುಲೈ ತಿಂಗಳಲ್ಲಿ ಮನೆ, ಅಂಗಡಿ ಕೆಡವಿದರು. ಜನರಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಯಾತ್ರಿಕರು ಬರುವುದು ಗುಡಿಗೆ. ಅಷ್ಟು ದೂರ ಗಿರಾಕಿ ಹೋಗುತ್ತಾನೆಯೇ?

ಬರೆಯಿರಿ: ನಿಮ್ಮ ಊರಿನ ಹಳೆಯ ಅಂಗಡಿ ಯಾವುದು?