ಚಳಿಗಾಲದ ಕಡಲಗಾಳ: ಫ್ಲೋರಿಡಾ ಕೀಸ್‌ಗೆ ಹೋಗುವವರಿಗೆ ಯಶಸ್ಸಿನ ಸೂತ್ರಗಳು

ಡಿಸೆಂಬರ್ ರಜೆ ಬಂತೆಂದರೆ ಅಮೆರಿಕದ ಹಿಮದೂರುಗಳಲ್ಲಿರುವ ನಮ್ಮವರಲ್ಲಿ ಅನೇಕರು ಮಕ್ಕಳುಮರಿ ಸಮೇತ ಫ್ಲೋರಿಡಾಕ್ಕೆ ಇಳಿಯುತ್ತಾರೆ. ಮಯಾಮಿಯಿಂದ ಸುಮಾರು 130 ಕಿ.ಮೀ. ದಕ್ಷಿಣಕ್ಕೆ ಹೋದರೆ ಕೀಸ್ ದ್ವೀಪಸಾಲಿನ ಐಲಮೊರಾಡಾ. ದೋಣಿ ಬಾಡಿಗೆ ಹಿಡಿದು ಗಾಳ ಹಾಕುವವರಿಗೆ ಅದು ತವರು. ಖರ್ಚು ಸಣ್ಣದಲ್ಲ, ಹಾಗಾಗಿ ಹೊರಡುವ ಮುನ್ನ ಇಷ್ಟು ತಿಳಿದಿರಲಿ.

1. ಮೊದಲು ಗಾಳಿ ನೋಡಿ, ಆಮೇಲೆ ಮೀನು ಆರಿಸಿ. ಉತ್ತರದಿಂದ ಶೀತಗಾಳಿ ಬರುತ್ತಿದೆ ಎಂದು ಕೇಳಿದೊಡನೆ ಹಲವರು ಬುಕಿಂಗ್ ರದ್ದು ಮಾಡುತ್ತಾರೆ. ಆದರೆ ಸೇಲ್‌ಫಿಷ್ ಎಂಬ ದೊಡ್ಡ ಕಡಲಮೀನು ಬೇಕೆನ್ನುವವರು ಕಾಯಬೇಕಾದದ್ದೇ ಅದಕ್ಕೆ. ಕೀಸ್ ಪಕ್ಕದಲ್ಲಿ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹ ಪೂರ್ವ, ಈಶಾನ್ಯದ ಕಡೆಗೆ ಹರಿಯುತ್ತದೆ. ಶೀತಗಾಳಿ ದಾಟಿದ ಮೇಲೆ ಈಶಾನ್ಯದಿಂದ ಬೀಸುವ ಗಾಳಿ ಅದಕ್ಕೆ ಎದುರಾಗಿ ಅಲೆಗಳು ಕಡಿದಾಗಿ ಏಳುತ್ತವೆ. ಸೇಲ್‌ಫಿಷ್ ಆ ಅಲೆಗಳ ಬೆನ್ನೇರಿ ಬರುತ್ತದೆ. ಕಪ್ಪು ಬಾಲದ ತುದಿ ನೀರನ್ನು ಸೀಳಿಕೊಂಡು ಹೋಗುವುದು ಕಣ್ಣಿಗೇ ಕಾಣುತ್ತದೆ. ದ್ವೀಪಗಳ ಒಳಬದಿಯ ಮೊಣಕಾಲುದ್ದ ನೀರಿನ ಕಥೆ ಬೇರೆ. ಅದು ಬೇಗ ತಣ್ಣಗಾಗುತ್ತದೆ, ಬೋನ್‌ಫಿಷ್ ಆಳಕ್ಕೆ ಸರಿಯುತ್ತದೆ. 2010ರ ಜನವರಿಯ ಚಳಿಗೆ ದಕ್ಷಿಣ ಫ್ಲೋರಿಡಾದಲ್ಲಿ ಸ್ನೂಕ್ ಮೀನುಗಳು ರಾಶಿರಾಶಿ ಸತ್ತು ತೇಲಿದ್ದವು. ಆ ಆಳವಿಲ್ಲದ ನೀರಿಗೆ ಹೋಗುವುದಾದರೆ ಎರಡು ಮೂರು ದಿನ ಬಿಸಿಲು ಕಾಯಲಿ, ಮಧ್ಯಾಹ್ನ ಹೊರಡಿ.

2. ಒಂದೇ ದಿನಕ್ಕೆ ಗಂಟುಬೀಳಬೇಡಿ. ಬದಲಿ ದಿನವೊಂದನ್ನು ಕೈಯಲ್ಲಿಟ್ಟುಕೊಂಡು ಬುಕ್ ಮಾಡಿ. ಕ್ಯಾಪ್ಟನ್ ಬೇಡವೆಂದ ದಿನ ಬೇಡ, ಅಷ್ಟೇ.

3. ಮನೆಮಂದಿಗೆ ತಕ್ಕ ದೋಣಿ. ಸಾಮಾನ್ಯ ಚಾರ್ಟರ್ ದೋಣಿಗೆ 6 ಮಂದಿ. ಅರ್ಧ ದಿನವೆಂದರೆ ಸುಮಾರು 4 ಗಂಟೆ, ಪೂರ್ತಿಯೆಂದರೆ 8. ಮಕ್ಕಳಿದ್ದರೆ ಅರ್ಧ ದಿನವೇ ಸಾಕು. ತಲೆಗಿಷ್ಟೆಂದು ದುಡ್ಡು ಕೊಟ್ಟು ಹತ್ತುವ ಪಾರ್ಟಿ ಬೋಟ್ ಅಗ್ಗ. ಪರವಾನಗಿ ಪಡೆದ ಚಾರ್ಟರ್‌ನಲ್ಲಿ ಹೋದರೆ ನಿಮಗೆ ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ. ಎರೆ ಕಟ್ಟಿ, ಮೀನು ಶುಚಿ ಮಾಡಿ ಕೊಡುವ ಹುಡುಗನಿಗೆ ಬಾಡಿಗೆಯ ನೂರಕ್ಕೆ 15ರಿಂದ 20ರಷ್ಟು ಟಿಪ್ಸ್ ಎತ್ತಿಡಿ. ಆ ದುಡಿಮೆಗೆ ಅದು ಹೆಚ್ಚಲ್ಲ.

4. ಕಚ್ಚಿದೊಡನೆ ಜಗ್ಗಬೇಡಿ. ಕೈ ತಪ್ಪುವುದೇ ಇಲ್ಲಿ. ಊರಿನ ಕೆರೆಯಲ್ಲಿ ಗಾಳ ಹಾಕಿದ ಕೈಗೆ ಎಳೆತ ಸಿಕ್ಕಿದೊಡನೆ ಕೋಲೆತ್ತುವುದೇ ಅಭ್ಯಾಸ. ಸೇಲ್‌ಫಿಷ್‌ಗೆ ಬಳಸುವುದು ಉಂಗುರದಂತೆ ಒಳಕ್ಕೆ ಬಾಗಿದ ಸರ್ಕಲ್ ಹುಕ್. ಬಾಲಿಹೂ ಎಂಬ ಜೀವಂತ ಸಣ್ಣಮೀನನ್ನು ಅದಕ್ಕೆ ಸಿಕ್ಕಿಸಿ ಬಿಟ್ಟಿರುತ್ತಾರೆ. ಮೀನು ಎರೆ ನುಂಗಿ ಓಡಲಿ, ದಾರ ತಾನಾಗಿ ಬಿಗಿಯಾಗಲಿ. ಆಗ ನಿಧಾನವಾಗಿ ರೀಲು ಸುತ್ತಿ. ಕೊಕ್ಕೆ ಜಾರಿಬಂದು ದವಡೆಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಜಗ್ಗಿದರೆ ಬಾಯಿಂದ ಹಾಗೇ ಹೊರಗೆ ಬರುತ್ತದೆ.

5. ಹೊಟ್ಟೆಯ ಬಗ್ಗೆ ನಿರ್ಲಕ್ಷ್ಯ ಬೇಡ. ವಾಂತಿ ತಡೆಯುವ ಮಾತ್ರೆ ದೋಣಿ ಹತ್ತಿದ ಮೇಲೆ ನುಂಗಿದರೆ ತಡವಾಯಿತು. ವೈದ್ಯರನ್ನು ಕೇಳಿ ಮೊದಲೇ ತೆಗೆದುಕೊಳ್ಳಿ. ದೋಣಿಯ ಹಿಂಬದಿಯಲ್ಲಿ ನಿಂತು ದೂರದ ಬಾನಂಚು ನೋಡಿ, ಮೊಬೈಲ್ ಒಳಗಿಡಿ.

6. ಬಾಳೆಹಣ್ಣು ಒಯ್ಯಬೇಡಿ. ನಮಗೆ ಮಂಗಳದ ಹಣ್ಣು, ಅಲ್ಲಿನ ದೋಣಿಯವರಿಗೆ ಅಪಶಕುನ. ಅವರ ನಂಬಿಕೆಯನ್ನು ಗೌರವಿಸಿ. ಚಪಾತಿ ರೋಲ್, ಕಿತ್ತಳೆ ಸಾಕು.

7. ಸಾರಿಗೆ ಮೀನು ಬೇಕೆಂದರೆ ಹಾಗೆಂದು ಮೊದಲೇ ಹೇಳಿ. ಚಳಿಗಾಲದಲ್ಲಿ ಸಿಗುವ ಕಿಂಗ್‌ಫಿಷ್, ಸ್ಪ್ಯಾನಿಷ್ ಮ್ಯಾಕರೆಲ್ ಎರಡೂ ನಮ್ಮ ಕರಾವಳಿಯ ಅಂಜಲ್‌ನ ಕುಲದವೇ. ಬಂಡೆಸಾಲಿನ ಯೆಲ್ಲೋಟೇಲ್ ಸ್ನ್ಯಾಪರ್ ತವಾ ಫ್ರೈಗೆ ಬಲು ರುಚಿ.

8. ನಿಯಮ ಮೀರಿ ಮೀನು ಕೇಳಬೇಡಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲೇ ಇರುವಂತೆ, ಕೀಸ್‌ನಲ್ಲಿ ಜನವರಿ 1ರಿಂದ ಏಪ್ರಿಲ್ 30ರವರೆಗೆ ಹಲವು ಬಗೆಯ ಗ್ರೂಪರ್ ಹಿಡಿದಿಡುವಂತಿಲ್ಲ. ಇನ್ನು ಸೇಲ್‌ಫಿಷ್: ಬಿಟ್ಟುಬಿಡುವ ಮೀನನ್ನು ಫೋಟೋಗಾಗಿ ದೋಣಿಯೊಳಗೆ ಎಳೆದುಕೊಳ್ಳಬೇಡಿ. ಅದು ನೀರಿನಲ್ಲೇ ಇರಲಿ; ನೀವು ಬಗ್ಗಿ, ಪಕ್ಕದಲ್ಲಿ ಮುಖವಿಟ್ಟು ಚಿತ್ರ ತೆಗೆಸಿಕೊಳ್ಳಿ, ಬಿಟ್ಟುಬಿಡಿ.